ತೆನೆ ಮೊದಲು, ಸೆರೆ ಆಮೇಲೆ: ಮೊಂತಿ ಹಬ್ಬ ಮತ್ತು ಹೀಬ್ರೂ ವಾಗ್ದಾನ

ಮೆಲ್ಕಾರಿನಿಂದ ಮಂಗಳೂರಿನ ಕಡೆ ಹೊರಟು, ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ, ಬಿ.ಸಿ.ರೋಡು, ತುಂಬೆ ಕಳೆದರೆ ಫರಂಗಿಪೇಟೆ. ಅಲ್ಲಿನ ಮೊಂತೆ ಮರಿಯಾನೊ ಚರ್ಚಿನಲ್ಲಿ ಫಾದರ್ ಜೋಕಿಂ ಮಿರಾಂದ 1763ರಲ್ಲಿ ಹೊಸ ತೆನೆಯ ಮೊಂತಿ ಹಬ್ಬ ಆರಂಭಿಸಿದರೆಂದು ಕರಾವಳಿಯ ಕಥೋಲಿಕರು ಹೇಳುತ್ತ ಬಂದಿದ್ದಾರೆ. ಇಂದಿಗೂ ಸೆಪ್ಟೆಂಬರ್ 8ರಂದು ಚರ್ಚಿನಲ್ಲಿ ಹೊಸ ತೆನೆಗೆ ಆಶೀರ್ವಾದ, ಮನೆಯಲ್ಲಿ ‘ನೊವೆಂ’ ಎಂಬ ಹೊಸ ಅಕ್ಕಿಯ ಊಟ.

ಈ ಹಬ್ಬವನ್ನು ಬೈಬಲಿನ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಪಕ್ಕದಲ್ಲಿಟ್ಟು ಓದಬೇಕೆನಿಸುವುದು ಸಹಜ. ಅಲ್ಲಿ ರೈತ ಪ್ರಥಮಫಲವನ್ನು ಬುಟ್ಟಿಯಲ್ಲಿ ತಂದು ಸುಮ್ಮನೆ ಇಟ್ಟು ಹೋಗುವಂತಿಲ್ಲ. ಅಲೆಮಾರಿಯಾಗಿದ್ದ ಹಿರಿಯ, ಐಗುಪ್ತದಲ್ಲಿ ಪಟ್ಟ ಪಾಡು, ಬಿಡುಗಡೆ, ಕೊನೆಗೆ ದೊರೆತ ಈ ನೆಲ — ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಬುಟ್ಟಿಯೊಂದಿಗೆ ಕಥೆಯನ್ನೂ ಒಪ್ಪಿಸಬೇಕು. 1784ರಲ್ಲಿ ಟಿಪ್ಪು ಸುಲ್ತಾನ ನಮ್ಮ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು, 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬದುಕುಳಿದವರಲ್ಲಿ ಅನೇಕರು ಊರಿಗೆ ಮರಳಿದ್ದು, ತೆನೆ ಹಬ್ಬ ಇವನ್ನೆಲ್ಲ ಒಂದೇ ಸರದಲ್ಲಿ ಪೋಣಿಸುವ ಆಸೆ ನನಗೂ ಇತ್ತು. ಕಾಲಕ್ರಮ ಅದಕ್ಕೆ ಒಪ್ಪುವುದಿಲ್ಲ. 1763 ಎಂಬ ವರ್ಷ ಸರಿಯಾದರೆ ಹಬ್ಬ ಸೆರೆಗಿಂತ 21 ವರ್ಷ ಹಳೆಯದು. ಹೊಸ ಧಾನ್ಯವನ್ನು ವಿಧಿ ನಡೆಸದೆ ಉಣ್ಣದಿರುವ ನಿಯಮ ಯಾಜಕಕಾಂಡದ 23ರಲ್ಲಿದೆ ನಿಜ. ಆದರೆ ಅದೇ ಭಾವ ತುಳುವರ ತೆನೆ ಹಬ್ಬವಾದ ಕುರಲ್ ಪರ್ಬದಲ್ಲೂ ಇದೆ. ನೊವೆಂ ಊಟದ ಬೇರು ಈ ಗದ್ದೆಗಳಲ್ಲೇ ಇರುವುದು ಹೆಚ್ಚು ಸಂಭವನೀಯ.

ಸೆರೆಹೋದವರನ್ನು ಮರಳಿಸುವೆನೆಂಬ ದೇವರ ವಾಗ್ದಾನದ ನುಡಿಯನ್ನೂ ಬಿಡಿಸಿ ನೋಡಬೇಕು. ಧರ್ಮೋಪದೇಶಕಾಂಡ 30ರಲ್ಲೂ ಯೆರೆಮೀಯ 29ರಲ್ಲೂ ಬರುವ ‘ಶೂವ್ ಶೆವೂತ್’ ಎಂಬ ಹೀಬ್ರೂ ಪದಗುಚ್ಛದ ಎರಡನೆಯ ಪದ ‘ಸೆರೆ’ ಎಂಬರ್ಥದ ಧಾತುವಿನದೋ, ‘ತಿರುಗು’ ಎಂಬುದರದೋ ಎಂಬ ಚರ್ಚೆ ಹಳೆಯದು. ಯೋಬನ ಗ್ರಂಥದ 42ನೆಯ ಅಧ್ಯಾಯ ನನಗೆ ನಿರ್ಣಾಯಕ. ಬಾಳು ಕೆಟ್ಟುಹೋಗಿದ್ದ ಯೋಬ ಯಾರ ಸೆರೆಯಲ್ಲೂ ಇರಲಿಲ್ಲ. ಆದರೂ ಅವನಿಗೆ ಇದೇ ನುಡಿ. ಹಾಗಾಗಿ ಇದು ಬರೀ ಬಿಡುಗಡೆಯಲ್ಲ, ಕೆಟ್ಟುಹೋದ ಬಾಳು ಮತ್ತೆ ಮೊದಲಿನ ನೆಲೆಗೆ ಬರುವುದು. ಶ್ರೀರಂಗಪಟ್ಟಣದಿಂದ ಬಂದವರಿಗೆ ಊರು ಸಿಕ್ಕಿತು, ಆದರೆ ಚರ್ಚುಗಳಲ್ಲಿ ಹೆಚ್ಚಿನವು ನೆಲಸಮವಾಗಿದ್ದವು. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಹೋಲಿ ಕ್ರಾಸ್ ಚರ್ಚ್ ಉಳಿದದ್ದು ಚೌಟ ಅರಸನ ನೆರವಿನಿಂದ ಎನ್ನುತ್ತಾರೆ. ಜೈನ ಅರಸನೊಬ್ಬ ಕಾಯ್ದ ಆ ಗೋಡೆಗಳನ್ನು ನೆನೆಯದೆ ಈ ಮರಳಿಕೆಯನ್ನು ಬರೆಯಲು ನನಗೆ ಮನಸ್ಸಾಗದು.

ಹೀಬ್ರೂ ರೈತ ಬುಟ್ಟಿಯ ಮುಂದೆ ನಿಂತು ಹೇಳಿದಂತೆ ಇಲ್ಲಿ ತೆನೆಯ ಮುಂದೆ ಸೆರೆಯ ಕಥೆ ಹೇಳುವ ವಿಧಿ ಇಲ್ಲ. ಆ ಕಥೆ ಮನೆಮಾತಿನಲ್ಲಿ ಉಳಿಯಿತು, ವಿ.ಜೆ.ಪಿ. ಸಲ್ಡಾನರ ಕೊಂಕಣಿ ಕಾದಂಬರಿ ‘ಬೆಳ್ತಂಗಡಿಚೊ ಬಾಲ್ತಜಾರ್’ನಂಥ ಕೃತಿಗಳಿಗೆ ಬಂತು. ತೆನೆ ಮಾತ್ರ ಇನ್ನೊಂದು ದಾರಿ ಹಿಡಿದಿದೆ. ಹಬ್ಬಕ್ಕೆ ಬರಲಾಗದೆ ಮುಂಬೈಯಲ್ಲೋ ಗಲ್ಫ್‌ನಲ್ಲೋ ಇರುವ ಮಕ್ಕಳಿಗೆ ಆಶೀರ್ವದಿಸಿದ ಭತ್ತದ ಕಾಳನ್ನು ಕಳಿಸಿಕೊಡುವ ಮನೆಗಳಿವೆ. ಧರ್ಮೋಪದೇಶಕಾಂಡದ ಬುಟ್ಟಿ ನೆಲಕ್ಕೆ ಬಂದು ಸೇರಿದವನ ಕೈಯಲ್ಲಿದೆ. ಇಲ್ಲಿ ಕಾಳು, ಇನ್ನೂ ಬಾರದವರನ್ನು ಹುಡುಕಿಕೊಂಡು ಹೊರಡುತ್ತದೆ.