ಕಂಟಿನ್ಯೂಯಸ್ ಇಂಟಿಗ್ರೇಷನ್ ಸರ್ವರ್ ಆಯ್ಕೆ: ಒಡೆತನದ ಪ್ರಶ್ನೆ

ಓಪನ್ ಸೋರ್ಸ್ ಯೋಜನೆಗೆ ಕೋಡ್ ಬರುವುದು ಒಬ್ಬರನ್ನೊಬ್ಬರು ಕಂಡರಿಯದ ಜನರಿಂದ. ಪ್ರತಿ ಬದಲಾವಣೆಯನ್ನೂ ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ಕಂಟಿನ್ಯೂಯಸ್ ಇಂಟಿಗ್ರೇಷನ್ (ಸಿಐ) ಸರ್ವರ್ ಇಲ್ಲದಿದ್ದರೆ ಆ ಹೊರೆಯೆಲ್ಲ ನಿರ್ವಾಹಕರ ತಲೆಗೆ ಬರುತ್ತದೆ. ಯಾವ ಸರ್ವರ್ ಎಂಬ ಚರ್ಚೆ ಹೆಚ್ಚಾಗಿ ವೇಗ, ಪ್ಲಗಿನ್‌ಗಳಲ್ಲೇ ಮುಗಿಯುತ್ತದೆ. ಸರ್ವರ್ ಯಾರ ಕೈಯಲ್ಲಿದೆ, ಅದನ್ನು ಬಿಟ್ಟು ಹೊರಡಲು ಏನು ತೆರಬೇಕು ಎಂಬುದನ್ನು ಮೊದಲು ಕೇಳಬೇಕೆಂಬುದು ಈ ಲೇಖನದ ವಾದ.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ರೂಪಿಸಿದ ಹಡ್ಸನ್ ಎಂಬ ಸಿಐ ಸರ್ವರ್, 2010ರಲ್ಲಿ ಸನ್ ಒರೇಕಲ್ ವಶವಾದಾಗ ವಿವಾದಕ್ಕೆ ಸಿಲುಕಿತು. ಹೆಸರು ತನ್ನದೆಂದು ಒರೇಕಲ್ ಹೇಳಿತು. 2011ರ ಜನವರಿಯಲ್ಲಿ ಸಮುದಾಯ ಮತ ಹಾಕಿ ಜೆಂಕಿನ್ಸ್ ಎಂಬ ಹೆಸರಿಟ್ಟುಕೊಂಡಿತು. ಕೋಡ್ ಮುಕ್ತವಾಗಿತ್ತು, ಅದು ಓಡುತ್ತಿದ್ದ ಯಂತ್ರಗಳೂ ಬಳಕೆದಾರರವೇ. ಹೆಸರು ಕೈಬಿಟ್ಟರೂ ಕೆಲಸ ನಿಲ್ಲಲಿಲ್ಲ.

ಬರ್ಲಿನ್‌ನ ಟ್ರಾವಿಸ್ ಸಿಐ ಕಥೆ ಬೇರೆ. 2011ರಲ್ಲಿ ಶುರುವಾಗಿ ಓಪನ್ ಸೋರ್ಸ್ ಯೋಜನೆಗಳಿಗೆ ಉಚಿತ ಸೇವೆ ಕೊಟ್ಟ ಅದನ್ನು 2019ರಲ್ಲಿ ಐಡೆರಾ ಕಂಪನಿ ಕೊಂಡಿತು. 2020ರ ನವೆಂಬರ್‌ನಲ್ಲಿ ಉಚಿತ ಬಳಕೆಗೆ ಮಿತಿ ಬಿತ್ತು. ಕ್ರಿಪ್ಟೋ ಗಣಿಗಾರಿಕೆಯಂಥ ದುರ್ಬಳಕೆಯೂ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. 2021ರ ಜೂನ್‌ನಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆಂದಿದ್ದ ತಾಣವೇ ಮುಚ್ಚಿತು. ಟ್ರಾವಿಸ್‌ನ ಕೋಡ್ ಬಹುಪಾಲು ಮುಕ್ತವೇ ಆಗಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಯಂತ್ರಗಳ ವೆಚ್ಚ ಹೊರುವವರು ಬೇರೆಯವರಾಗಿದ್ದರೆ ಪರವಾನಗಿಯೊಂದೇ ಯೋಜನೆಯನ್ನು ಕಾಯದು.

ಹಾಗೆಂದು ಸ್ವಂತ ಸರ್ವರ್ ಹೂಡುವುದೇ ಪರಿಹಾರವೆನ್ನಲಾಗದು. ಅಪರಿಚಿತರ ಕೋಡನ್ನು ನಮ್ಮ ಯಂತ್ರದಲ್ಲಿ ಓಡಿಸುವುದು ಅಪಾಯ. ಸಾರ್ವಜನಿಕ ರೆಪಾಸಿಟರಿಗೆ ಬಿಲ್ಡ್ ಓಡಿಸುವ ಸ್ವಂತ ಯಂತ್ರ, ಅಂದರೆ ರನ್ನರ್, ಜೋಡಿಸಬೇಡಿ ಎಂದು ಗಿಟ್‌ಹಬ್ ಕೂಡ ಎಚ್ಚರಿಸುತ್ತದೆ. ಪೈಥಾನ್ ಭಾಷೆಯ ಮುಖ್ಯ ಅನುಷ್ಠಾನವಾದ ಸಿಪೈಥಾನ್ ತಂಡದ ವ್ಯವಸ್ಥೆ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಪುಲ್ ರಿಕ್ವೆಸ್ಟ್‌ಗಳ ಪರೀಕ್ಷೆ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ; ಒಪ್ಪಿತವಾಗಿ ಸೇರಿದ ಕೋಡಿನ ಪರೀಕ್ಷೆ ಮುಕ್ತ ಸಿಐ ತಂತ್ರಾಂಶವಾದ ಬಿಲ್ಡ್‌ಬಾಟ್‌ನಲ್ಲಿ, ಸ್ವಯಂಸೇವಕರು ಒದಗಿಸಿದ ಯಂತ್ರಗಳ ಮೇಲೆ. ಫ್ರೀಬಿಎಸ್‌ಡಿ, ಎಸ್390ಎಕ್ಸ್‌ನಂಥ ಅಪರೂಪದ ವೇದಿಕೆಗಳು ಪರೀಕ್ಷೆಗೆ ಸಿಗುವುದು ಇಂಥ ಕೊಡುಗೆಯಿಂದಲೇ.

ಸಣ್ಣ ತಂಡಕ್ಕೆ ಬಾಡಿಗೆಯ ಸೇವೆಯೇ ಸಾಕು. ಆದರೆ ಬೇಕಾದಾಗ ಅದನ್ನು ಸುಲಭವಾಗಿ ಬಿಟ್ಟು ಹೊರಡಲು ಬಿಲ್ಡ್ ಮತ್ತು ಪರೀಕ್ಷೆಯ ಆದೇಶಗಳು ಯೋಜನೆಯದೇ ಸ್ಕ್ರಿಪ್ಟ್‌ನಲ್ಲಿರಬೇಕು, ಸೇವೆಯ ಸಂರಚನಾ ಕಡತ ಅದನ್ನು ಕರೆದರೆ ಸಾಕು. ನಿರ್ವಾಹಕರು ಸರ್ವರ್ ಆರಿಸುವ ಮೊದಲೇ ಆ ಸ್ಕ್ರಿಪ್ಟ್ ಬರೆದಿಡಲಿ.