ಧಾರವಾಡದ ಜನಸಂಖ್ಯಾ ಸಂಶೋಧನಾ ಕೇಂದ್ರ

ಧಾರವಾಡದ ವಿದ್ಯಾಗಿರಿಯಲ್ಲಿರುವ ಜನತಾ ಶಿಕ್ಷಣ ಸಮಿತಿಯ ಆರ್ಥಿಕ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ ಜನಸಂಖ್ಯಾ ಸಂಶೋಧನಾ ಕೇಂದ್ರವು ಕಾರ್ಯನಿರ್ವಹಿಸುತ್ತಿದೆ. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 1958ರಲ್ಲಿ ದೆಹಲಿ ಹಾಗೂ ತಿರುವನಂತಪುರದಲ್ಲಿ ಆರಂಭಗೊಂಡ ಯೋಜನೆಯಡಿ ವಿಶ್ವವಿದ್ಯಾಲಯಗಳಲ್ಲಿ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ಒಟ್ಟು 18 ಇಂತಹ ಕೇಂದ್ರಗಳಿಗೆ ಅನುದಾನ ಒದಗಿಸಿದೆ. ಕರ್ನಾಟಕದಲ್ಲಿ ಇವು ಎರಡು. ಇನ್ನೊಂದು ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿದೆ. ಜನನ, ಮರಣ, ವಲಸೆ ಹಾಗೂ ಕುಟುಂಬ ಕಲ್ಯಾಣ ಕುರಿತ ಅಧ್ಯಯನ, ಆರೋಗ್ಯ ಕಾರ್ಯಕ್ರಮಗಳ ಕ್ಷೇತ್ರ ಪರಿಶೀಲನೆ ಇವುಗಳ ಕಾರ್ಯವಾಗಿರುತ್ತದೆ.

ಜನಸಂಖ್ಯೆ ಎಷ್ಟು ಎಂಬುದರ ಜೊತೆಗೆ ಅದು ಎಲ್ಲಿದೆ ಎಂಬುದನ್ನೂ ತಿಳಿಯುವುದು ಜನಸಂಖ್ಯಾ ಭೂಗೋಳದ ವಿಷಯ. ಧಾರವಾಡ ಜಿಲ್ಲೆಯೇ ಇದಕ್ಕೆ ಉತ್ತಮ ನಿದರ್ಶನ. 1991ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 35 ಲಕ್ಷ. 2001ರಲ್ಲಿ ಸುಮಾರು 16 ಲಕ್ಷ. ಜನ ಕಡಿಮೆಯಾದದ್ದಲ್ಲ, 1997ರಲ್ಲಿ ಗದಗ ಹಾಗೂ ಹಾವೇರಿ ಜಿಲ್ಲೆಗಳು ಪ್ರತ್ಯೇಕಗೊಂಡು ಹದಿನೇಳು ತಾಲ್ಲೂಕುಗಳಲ್ಲಿ ಐದು ಮಾತ್ರ ಉಳಿದವು. ತಾಲ್ಲೂಕುವಾರು ಅಂಕಿಗಳನ್ನು ಕೂಡಿಸದೆ ಎರಡು ಗಣತಿಗಳನ್ನು ಹೋಲಿಸಿದವರು ದಾರಿ ತಪ್ಪುವುದು ಖಚಿತ.

ಸರಾಸರಿಯನ್ನೂ ಎಚ್ಚರದಿಂದ ಓದಬೇಕು. 2011ರಲ್ಲಿ ಜಿಲ್ಲೆಯ ಶೇ. 56.8ರಷ್ಟು ಜನ ನಗರವಾಸಿಗಳಾಗಿದ್ದರು. ಈ ಪ್ರಮಾಣದಲ್ಲಿ ಬೆಂಗಳೂರು ನಗರ ಜಿಲ್ಲೆಯ ನಂತರದ ಸ್ಥಾನ ಧಾರವಾಡದ್ದು. ಆದರೆ ಜಿಲ್ಲೆಯ 18.47 ಲಕ್ಷ ಜನರಲ್ಲಿ ಸುಮಾರು 9.43 ಲಕ್ಷ ಮಂದಿ ಹುಬ್ಬಳ್ಳಿ-ಧಾರವಾಡ ಮಹಾನಗರ ಒಂದರಲ್ಲಿಯೇ ಇದ್ದರು. ಕಲಘಟಗಿ, ಕುಂದಗೋಳ ಭಾಗದ ಹಳ್ಳಿಗಳ ಸ್ಥಿತಿಯನ್ನು ಈ ಶೇಕಡಾವಾರು ತಿಳಿಸುವುದಿಲ್ಲ.

ಇದು ಕೇವಲ ವಿದ್ವಾಂಸರ ಚರ್ಚೆಯಲ್ಲ. ಬಯಲು ಪ್ರದೇಶದಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ಎಣಿಕೆ ಹಳೆಯದಾದಲ್ಲಿ ಆಸ್ಪತ್ರೆಯ ಲೆಕ್ಕವೂ ಹಳೆಯದಾಗುತ್ತದೆ. 2021ರ ಗಣತಿ ಮುಂದೂಡಲ್ಪಟ್ಟ ಕಾರಣ 2011ರ ಅಂಕಿಗಳೇ ದೀರ್ಘಕಾಲ ಆಧಾರವಾದವು. ತದನಂತರ ರಚನೆಯಾದ ಅಣ್ಣಿಗೇರಿ ಹಾಗೂ ಅಳ್ನಾವರ ತಾಲ್ಲೂಕುಗಳು ಆ ಗಣತಿಯ ತಾಲ್ಲೂಕು ಪಟ್ಟಿಯಲ್ಲಿ ಇಲ್ಲ. ಅವುಗಳ 2011ರ ಜನಸಂಖ್ಯೆ ಬೇಕಾದವರು ಹಿಂದಿನ ನವಲಗುಂದ ಮತ್ತು ಧಾರವಾಡ ತಾಲ್ಲೂಕುಗಳ ಪಟ್ಟಿಗಳಿಂದ ಊರೂರನ್ನು ಆರಿಸಿ ಕೂಡಿಸಬೇಕಾಗುತ್ತದೆ. 2025ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಮುಂದಿನ ಗಣತಿಗೆ ರಾಜ್ಯದಲ್ಲಿ 2027ರ ಮಾರ್ಚ್ 1 ಆಧಾರ ದಿನಾಂಕವಾಗಿರುತ್ತದೆ.