ಸೂಲಗಿತ್ತಿಯ ಕೈ, ವೈದ್ಯರ ಸೂಜಿ

ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಪೆರಿನಿಯಂ ಎಂಬ ಭಾಗ ಹರಿಯುವುದುಂಟು. ಚರ್ಮ ಮತ್ತು ಒಳಪೊರೆ ಮಾತ್ರ ಹರಿದರೆ ಮೊದಲ ದರ್ಜೆ, ಸ್ನಾಯು ಹರಿದರೆ ಎರಡನೆಯದು, ಮಲವನ್ನು ತಡೆದಿಡುವ ಗುದದ ಬಿಗಿಸ್ನಾಯುವಿಗೆ ತಗುಲಿದರೆ ಮೂರನೆಯದು, ಅದನ್ನೂ ದಾಟಿ ಗುದದ ಒಳಪೊರೆಗೆ ಮುಟ್ಟಿದರೆ ನಾಲ್ಕನೆಯದು ಎಂದು ಇದನ್ನು ವಿಂಗಡಿಸುತ್ತಾರೆ. ಈ ಗಾಯವನ್ನು ಗುರುತಿಸಿ ಹೊಲಿಯುವ ಕೆಲಸ ಯಾರದು ಎಂಬ ಪ್ರಶ್ನೆಗೆ ಬೊಮ್ಮಸಂದ್ರವಿರುವ ಆನೇಕಲ್ ಸೀಮೆಯಲ್ಲಿ, ಒಟ್ಟು ಕರ್ನಾಟಕದಲ್ಲಿಯೂ, ದೊರೆತ ಉತ್ತರ ಕಾಲಕಾಲಕ್ಕೆ ಬದಲಾಗಿದೆ.

ರಾಗಿ ಹೊಲಗಳ ಹಳ್ಳಿಗಳಲ್ಲಿ ಹೆರಿಗೆ ಸೂಲಗಿತ್ತಿಯ ಕೈಯಲ್ಲಿತ್ತು. ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ತಾಲ್ಲೂಕಿನ ನರಸಮ್ಮನವರು ಆ ಪರಂಪರೆಯ ಹೆಸರಾಂತ ಪ್ರತಿನಿಧಿ. ಈ ವಿದ್ಯೆ ಹರಿಯದಂತೆ ಕಾಯುವುದನ್ನು ಬಲ್ಲುದಾಗಿದ್ದರೂ ಹರಿದುದನ್ನು ಪದರಪದರವಾಗಿ ಜೋಡಿಸುವ ಸಾಧನ ಅದರ ಬಳಿ ಇರಲಿಲ್ಲ. ಕೇಂದ್ರ ಸರ್ಕಾರವು 1977ರಲ್ಲಿ ಇಂಥವರಿಗೆ ಆರಂಭಿಸಿದ ಮೂವತ್ತು ದಿನಗಳ ತರಬೇತಿಯ ಒತ್ತು ಶುಚಿತ್ವದ ಮೇಲಿತ್ತೇ ಹೊರತು ಹೊಲಿಗೆಯ ಮೇಲಲ್ಲ.

ಆಸ್ಪತ್ರೆಯ ಕಡೆಯಿಂದ ಬಂದ ಇನ್ನೊಂದು ದಾರಿ 1935ರಲ್ಲಿ ಬೆಂಗಳೂರಿನಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಯಂಥ ಸಂಸ್ಥೆಗಳಲ್ಲಿ ಗಟ್ಟಿಯಾಯಿತು. ಶುಶ್ರೂಷಕಿಯರ ಪಠ್ಯದಲ್ಲಿ ಎಪಿಸಿಯಾಟಮಿ, ಅಂದರೆ ದಾರಿ ಹಿಗ್ಗಿಸಲು ಬೇಕೆಂದೇ ಮಾಡುವ ಕೊಯ್ತ, ಮತ್ತು ಅದರ ಹೊಲಿಗೆ ಸೇರಿದವು. ಹಳ್ಳಿಯ ಉಪಕೇಂದ್ರದ ಎಎನ್‌ಎಂಗೆ, ಅಂದರೆ ಸಹಾಯಕ ಶುಶ್ರೂಷಕಿ-ಸೂಲಗಿತ್ತಿಗೆ, ಮಾತ್ರ ಸೂಜಿ ದೂರವೇ ಉಳಿಯಿತು. ಕೇಂದ್ರದ 2010ರ ಮಾರ್ಗಸೂಚಿಯ ಪ್ರಕಾರ ಆಕೆ ಸಣ್ಣ ಗಾಯಕ್ಕೆ ಒತ್ತಡ ಕೊಟ್ಟು ರಕ್ತ ನಿಲ್ಲಿಸಬಹುದು, ಅದಕ್ಕಿಂತ ಆಳವಾದುದನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ನಿಯಮ ಎಚ್ಚರಿಕೆಯದೇ, ಆದರೆ ಗಾಯ ಆಳವೋ ಅಲ್ಲವೋ ಎಂಬುದನ್ನು ನೋಡಿ ತಿಳಿಯುವ ಕಣ್ಣು ಮತ್ತು ಬೆರಳನ್ನು ಮೊದಲು ಪಳಗಿಸದೆ ಈ ನಿಯಮವನ್ನು ಪಾಲಿಸುವುದು ಹೇಗೆ?

ಈ ಕೊರತೆ ಕನ್ನಡನಾಡಿಗಷ್ಟೇ ಸೀಮಿತವಲ್ಲ. ಇಂಗ್ಲೆಂಡಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆರಿಗೆಯಾದ ಕೂಡಲೇ ತರಬೇತಾದ ಪರೀಕ್ಷಕಿಯೊಬ್ಬರು ಮರುಪರೀಕ್ಷೆ ಮಾಡಿದಾಗ, ಸೂಲಗಿತ್ತಿಯರು ಮಾಡಿಸಿದ ಹೆರಿಗೆಗಳಲ್ಲಿ ಬಿಗಿಸ್ನಾಯುವಿಗಾದ ಗಾಯಗಳ ಪೈಕಿ ಶೇ. 87ನ್ನೂ, ವೈದ್ಯರು ಮಾಡಿಸಿದ ಹೆರಿಗೆಗಳಲ್ಲಿ ಶೇ. 28ನ್ನೂ ಅವರವರು ಗುರುತಿಸಿರಲಿಲ್ಲವೆಂದು ತಿಳಿಯಿತು; ಅಡಗಿದ ಗಾಯವೆಂದು ಅಲ್ಲಿಯವರೆಗೆ ಕರೆಯುತ್ತಿದ್ದುದರಲ್ಲಿ ಬಹುಪಾಲು ಸರಿಯಾಗಿ ನೋಡದೆ ಬಿಟ್ಟುದೇ ಆಗಿತ್ತು. ಹೊಲಿಗೆಗಿಂತ ಮೊದಲು ಗುದದೊಳಗೆ ಬೆರಳಿಟ್ಟು ಬಿಗಿಸ್ನಾಯುವನ್ನು ಮುಟ್ಟಿ ನೋಡುವ ಸರಳ ಪರೀಕ್ಷೆಗೆ ತರಬೇತಿಯಲ್ಲಿ ಮಹತ್ವ ಹೆಚ್ಚಿದ್ದಕ್ಕೆ ಇಂಥ ಅಧ್ಯಯನಗಳೂ ಕಾರಣ. ಹಾಗೆ ಬಿಟ್ಟುಹೋದ ಗಾಯದ ಫಲ ವರ್ಷಗಳ ಮೇಲೆ ಮಲ ತಡೆಯಲಾಗದ ಸ್ಥಿತಿಯಾಗಿ ಕಾಣಿಸಿಕೊಳ್ಳಬಹುದು. ನಾಚಿಕೆಯಿಂದ ಹೆಂಗಸರು ಅದನ್ನು ಹೇಳಿಕೊಳ್ಳುವುದೂ ಕಡಿಮೆ.

ಭಾರತ ಸರ್ಕಾರ 2018ರ ಡಿಸೆಂಬರಿನಲ್ಲಿ ಹೊರಡಿಸಿದ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿಯು ನುರಿತ ಶುಶ್ರೂಷಕಿಯರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿಯನ್ನು ವಿಧಿಸಿತು. ಮೊದಲೆರಡು ದರ್ಜೆಯ ಗಾಯಗಳನ್ನು ಸ್ವತಃ ಹೊಲಿಯುವುದು ಈ ಹೊಸ ವೃತ್ತಿಯ ವ್ಯಾಪ್ತಿಗೆ ಬಂದಿತು. ಮೂರನೆಯ ಮತ್ತು ನಾಲ್ಕನೆಯ ದರ್ಜೆಯವು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಸಾಕಷ್ಟು ಅರಿವಳಿಕೆ ಮತ್ತು ಬೆಳಕಿನಲ್ಲಿ ತಜ್ಞವೈದ್ಯರೇ ಸರಿಪಡಿಸಬೇಕಾದವು. ಶುಶ್ರೂಷಾ ಕಾಲೇಜೂ ದೊಡ್ಡ ಆಸ್ಪತ್ರೆಯೂ ನೆಲೆಗೊಂಡಿರುವ, ಕಾರ್ಖಾನೆ ಕೆಲಸದ ಮಹಿಳೆಯರು ಬಾಡಿಗೆ ಮನೆಗಳಲ್ಲಿ ಬಾಳುವ ಬೊಮ್ಮಸಂದ್ರದಂಥ ಊರಿನಲ್ಲಿಯೂ ಈ ಗಡಿ ಒಂದೇ: ಆಳದ ಗಾಯವನ್ನು ಹೊಲಿಯುವವರು ವೈದ್ಯರು, ಅದು ಆಳದ ಗಾಯವೆಂದು ಮೊದಲು ಕಂಡುಹಿಡಿಯಬೇಕಾದವಳು ಹೆರಿಗೆ ಮಾಡಿಸಿದವಳು.